ಒಂದು ಚೌಕಕ್ಕೆ ಎಷ್ಟು ದಿನ

ರಾತ್ರಿ ಕಳೆದು ಬೆಳಗಾಗುವುದರೊಳಗೆ ಎರಡು ವಾರ ಸರಿದುಹೋಗಿದ್ದವು. ಗೋಡೆಗೆ ಅಂಟಿಸಿದ್ದ ಗ್ರಾಫ್ ಹಾಳೆ ಹಾಗೆನ್ನುತ್ತಿತ್ತು.

ನಿನ್ನೆ ಸಂಜೆ ಅವಳು ಅಮ್ಮನ ಜೊತೆ ಬೀಗ ಹಾಕಿಕೊಂಡು ಹೋಗುವಾಗ ಕೊನೆಯ ಚುಕ್ಕೆ ಹದಿಮೂರನೆಯ ಗೆರೆಯ ಮೇಲಿತ್ತು. ಈಗ ಬೆಳಗಿನ ಹತ್ತು ಗಂಟೆ. ಚುಕ್ಕೆ ಹದಿನೈದರ ಮೇಲೆ ಕೂತಿದೆ, ನಡುವೆ ಹದಿನಾಲ್ಕರ ಮೇಲೂ ಒಂದು. ಅವಳು ಬೆರಳಿಟ್ಟು ಎಣಿಸಿದಳು. ಎಡಗಡೆಯಿಂದ ಮತ್ತೊಮ್ಮೆ ಎಣಿಸಿದಳು.

ಬೆನ್ನ ಹಿಂದೆ ಹದಿನೆಂಟು ಹೊಲಿಗೆ ಮೆಷಿನ್ನುಗಳು ಒಂದೇ ಸಮನೆ ಗರ್ರೆನ್ನುತ್ತಿದ್ದವು. ಅದು ಅಮ್ಮನ ಹೊಲಿಗೆ ಶಾಲೆ. ಹಳೆಯ ಒಂಟಿ ಕಟ್ಟಡದ ಉದ್ದನೆಯ ಹಜಾರ. ಆಸ್ಪತ್ರೆಯೊಂದಕ್ಕೆ ಆರು ನೂರು ಹಸಿರು ನಿಲುವಂಗಿಗಳನ್ನು ಈ ತಿಂಗಳ ಕೊನೆಗೆ ಒಪ್ಪಿಸಬೇಕಿತ್ತು. ಹಿಂದಿನ ಗೋಡೆಯಲ್ಲಿ ಸೂರಿನಿಂದ ಕಿಟಕಿಯ ಮೂಲೆಯವರೆಗೆ ಓರೆಯಾಗಿ ಇಳಿದಿದ್ದ ಬಿರುಕಿಗೆ ಅಲ್ಲಿನ ಹೆಂಗಸರು 'ಅತ್ತೆ ಬಾಯಿ' ಎಂದು ಹೆಸರಿಟ್ಟಿದ್ದರು. ಒಮ್ಮೆ ತೆರೆದದ್ದು ಮತ್ತೆ ಮುಚ್ಚಿದ್ದೇ ಇಲ್ಲವಲ್ಲ, ಅದಕ್ಕೆ.

ಏಳು ವಾರದ ಹಿಂದೆ ಎಂಜಿನಿಯರ್ ಒಬ್ಬರು ಬಂದು ನೋಡಿ, ಬಿರುಕಿನ ಪಕ್ಕದಲ್ಲೇ ಈ ಹಾಳೆಯನ್ನು ಅಂಟಿಸಿ ಹೋಗಿದ್ದರು. ಅಡ್ಡಗೆರೆಯ ಕೆಳಗೆ 'ವಾರ' ಎಂದು, ಲಂಬಗೆರೆಯ ಪಕ್ಕ 'ಬಿರುಕಿನ ಅಗಲ, ಮಿಲಿಮೀಟರ್' ಎಂದು ಬರೆದು, ಹನ್ನೆರಡರ ಎತ್ತರದಲ್ಲಿ ಕೆಂಪು ಗೆರೆ ಎಳೆದಿದ್ದರು. ಅಳೆದು ಚುಕ್ಕೆ ಇಡುವ ಕೆಲಸವನ್ನು ಕಾವಲುಗಾರ ತಾತನಿಗೆ ವಹಿಸಿ, "ಕೆಂಪು ಗೆರೆ ಮುಟ್ಟಿದ್ರೆ ಒಂದು ನಿಮಿಷಾನೂ ಯಾರನ್ನೂ ಒಳಗೆ ಇಟ್ಕೋಬೇಡಿ" ಎಂದಿದ್ದರು. ಅಂದಿನಿಂದ ನಿನ್ನೆಯವರೆಗೆ ಅವಳು ಬಾಗಿಲ ಪಕ್ಕದ ಕತ್ತರಿ ಮೇಜು ಬಿಟ್ಟು ಆ ಕಡೆ ಸುಳಿದವಳಲ್ಲ. ಆ ಗೋಡೆಯತ್ತ ಕಣ್ಣು ಹಾಯಿಸಲೂ ಅವಳಿಗೆ ಭಯ.

ನಿನ್ನೆ ಅಮ್ಮನೇ ಕೈ ಹಿಡಿದು ಎಳೆದುಕೊಂಡು ಬಂದು ಹಾಳೆಯೆದುರು ನಿಲ್ಲಿಸಿದ್ದಳು.

"ಮೂರು ವರ್ಷ ಗಣಿತ ಓದಿದ್ದೀಯ. ಇದೊಂದು ಹೇಳು, ಸಾಕು. ಆರ್ಡರ್ ಮುಗಿಯೋತನಕ ಇಲ್ಲಿ ಇರಬಹುದಾ, ಇಲ್ವಾ?"

ಲೆಕ್ಕ ಸುಲಭವಿತ್ತು. ಚುಕ್ಕೆಗಳೆಲ್ಲ ಒಂದೇ ನೇರ ಗೆರೆಯ ಮೇಲೆ ಕೂತಿದ್ದವು. ಗೆರೆ ಲಂಬ ಅಕ್ಷವನ್ನು ಮೂರರಲ್ಲಿ ಕತ್ತರಿಸುತ್ತಿತ್ತು. ಅಲ್ಲಿಂದ ಹತ್ತು ಚೌಕ ಬಲಕ್ಕೆ ಹೋದರೆ ಎಂಟರ ಎತ್ತರ. ಹತ್ತು ಹೋದಾಗ ಐದು ಏರಿದೆ, ಎಂದರೆ ಇಳಿಜಾರು ಅರ್ಧ. y ಎಂದರೆ ಅರ್ಧ x, ಕೂಡಿಸು ಮೂರು. y ಹನ್ನೆರಡಾಗಬೇಕಾದರೆ x ಹದಿನೆಂಟು. ಹೊಲಿದು ಮುಗಿದ ಬಟ್ಟೆಯಂತೆ ಎಲ್ಲೂ ಒಂದು ದಾರ ಹೊರಗೆ ಉಳಿದಿರಲಿಲ್ಲ.

"ಇನ್ನೂ ಐದು ವಾರ ಇದೆ ಅಮ್ಮ" ಎಂದಿದ್ದಳು. ಅಷ್ಟು ಗಟ್ಟಿ ಮನಸ್ಸಿನಿಂದ ಅವಳು ಯಾರಿಗೂ ಏನನ್ನೂ ಹೇಳಿದ್ದಿಲ್ಲ. ಅಮ್ಮ ಅಲ್ಲೇ ನಿಂತು, ಹೆದರಿ ಮನೆಯಲ್ಲಿ ಉಳಿದಿದ್ದ ಏಳು ಜನಕ್ಕೂ ಫೋನು ಮಾಡಿದ್ದಳು. "ನನ್ನ ಮಗಳು ಲೆಕ್ಕ ಹಾಕಿದ್ದಾಳೆ. ಬನ್ನಿ." ಆ ಏಳು ಜನವೂ ಈಗ ಮೆಷಿನ್ನಿನ ಮೇಲೆ ಬಗ್ಗಿ ಕೂತಿದ್ದರು.

ಅವಳು ಹೊರಗೆ ಓಡಿದಳು. ತಾತ ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ಲು ಚೂಪು ಮಾಡುತ್ತಿದ್ದ.

"ತಾತಾ, ಇವತ್ತು ಎರಡು ಚುಕ್ಕೆ ಇಟ್ರಾ?"

"ಹ್ಞೂಂ ಪುಟ್ಟಾ. ಏಳು ಗಂಟೆಗೊಂದು, ಈಗ ಒಂಬತ್ತೂವರೆಗೊಂದು."

"ವಾರಕ್ಕೊಂದಲ್ವಾ ಇಡಬೇಕಾದ್ದು?"

"ಮೊದಲು ವಾರಕ್ಕೊಂದೇ ಇಡ್ತಿದ್ದೆ. ಆಮೇಲೆ ಅದು ವಾರಾನೂ ಕಾಯ್ಲಿಲ್ವಲ್ಲ! ಬೆಳೆದಾಗ ತಾನೇ ಇಡೋದು? ಬೆಳೀದೆ ಇದ್ದ ದಿನ ಏನಂತ ಇಡ್ಲಿ? ಅರ್ಧ ಮಿಲಿಮೀಟರ್ ಬಿಡ್ತು ಅಂದ್ರೆ ಪಕ್ಕದ ಗೆರೆ ಮೇಲೆ ಒಂದು ಚುಕ್ಕೆ." ತಾತ ಪೆನ್ಸಿಲ್ಲಿನ ಮೊನೆಯನ್ನು ಊದಿ ನೋಡಿದ. "ನೋಡಿದ್ಯಾ, ಸ್ಕೇಲಿಟ್ಟು ಎಳೆದ ಹಾಗೆ ಬಂದಿದೆ. ಎಂಜಿನಿಯರ್ ಸಾಹೇಬ್ರು ನನ್ನ ಬೆನ್ನು ತಟ್ಟಬೇಕು."

ಅರ್ಧ ಬೆಳೆದಾಗಲೆಲ್ಲ ಒಂದು ಚೌಕ ಮುಂದೆ. ಹಾಗಾದರೆ ಗೆರೆ ನೇರ ಬರದೆ ಇನ್ನೇನು ಬಂದೀತು? ಬಿರುಕು ಆಮೆಯಾದರೂ ಅಷ್ಟೇ, ಕುದುರೆಯಾದರೂ ಅಷ್ಟೇ.

"ಮೊದಮೊದಲು ವಾರಕ್ಕೊಂದು. ಆಮೇಲೆ?"

"ಮೂರು ಚುಕ್ಕೆ ವಾರಕ್ಕೊಂದರಂತೆ. ಆಮೇಲೆ ನಾಲ್ಕು ದಿನಕ್ಕೊಂದು. ಆಮೇಲೆ ಮೂರು, ಎರಡು. ಮೊನ್ನೆ ಒಂದು, ನಿನ್ನೆ ಒಂದು." ತಾತ ಬೆರಳು ಮಡಚುತ್ತ ಹೋದವನು ನಡುವೆ ನಿಲ್ಲಿಸಿದ. ಮಡಚಿದ ಬೆರಳುಗಳನ್ನೇ ನೋಡಿದ. "ಯಾಕೆ ಪುಟ್ಟಾ?"

ಏಳು ಗಂಟೆಗೊಂದು, ಒಂಬತ್ತೂವರೆಗೊಂದು. ಎರಡೂವರೆ ಗಂಟೆಗೆ ಒಂದು ಚೌಕ. ಕೆಂಪು ಗೆರೆಗೆ ಉಳಿದದ್ದು ಮೂರು. ಮುಂದಿನ ಚೌಕ ಇನ್ನೂ ಬೇಗ, ಅದರ ಮುಂದಿನದು ಅದಕ್ಕಿಂತ ಬೇಗ. ಐದು ವಾರ ಎಂದಿದ್ದಳಲ್ಲ!

ಅವಳು ಒಳಗೆ ಬಂದಳು. "ಅಮ್ಮಾ" ಎಂದಳು. ಮೆಷಿನ್ನುಗಳ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ. "ಅಮ್ಮಾ, ಎಲ್ರೂ ಹೊರಗೆ ಹೋಗ್ಬೇಕು." ಅಮ್ಮ ಹಜಾರದ ಆ ತುದಿಯಲ್ಲಿ ಯಾರಿಗೋ ತೋಳು ಕೂಡಿಸುವುದನ್ನು ತೋರಿಸಿಕೊಡುತ್ತಿದ್ದಳು, ತಲೆ ಎತ್ತಲಿಲ್ಲ. ಹತ್ತಿರ ಕೂತಿದ್ದ, ಎಲ್ಲರೂ ಕಾಜಾ ಅಕ್ಕ ಎಂದು ಕರೆಯುವ ಗುಂಡಿತೂತು ಹೊಲಿಯುವ ಹೆಂಗಸು ಮಾತ್ರ ಅವಳ ತುಟಿ ಅಲ್ಲಾಡಿದ್ದನ್ನು ಕಂಡಳು.

"ಏನ್ರೇ, ನಮ್ಮ ಇಲಿಮರಿ ಏನೋ ಕಿಚಗುಟ್ತಾ ಇದೆ! ಜೋರಾಗಿ ಹೇಳೇ, ಗಂಡಿನೋರು ನೋಡೋಕೆ ಬಂದಿದ್ದಾರಾ?"

ನಾಲ್ಕೈದು ಜನ ನಕ್ಕರು. ಕೂಗಬೇಕೆಂದು ಬಾಯಿ ತೆರೆದರೆ ಬರೀ ಗಾಳಿ. ಇಪ್ಪತ್ತೆರಡು ವರ್ಷ ಮೆಲ್ಲಗೆ ಮಾತಾಡಿದ ಗಂಟಲು ಬೇಕೆಂದಾಗ ಒದಗುವುದೆಲ್ಲಿಂದ?

ಆಗ ಅವಳಿಗೆ ಮೇನ್ ಸ್ವಿಚ್ಚು ಕಾಣಿಸಿತು. ಹಿಂದಿನ ಗೋಡೆಯಲ್ಲಿ, ಸರಿಯಾಗಿ ಬಿರುಕಿನ ಕೆಳಗೆ.

ಹೋಗಬೇಕಾದದ್ದು ಹದಿನೈದು ಹೆಜ್ಜೆ. ಹತ್ತಿರ ಹೋದಂತೆ ಬಿರುಕು ಅಗಲವಾಯಿತು. ಅದರೊಳಗೆ ಹಿಂದಿನ ಅಂಗಳದ ಬೆಳಕು ಸಣ್ಣ ದಾರದ ಹಾಗೆ ಕಂಡಿತು. ಆಗ ಚುಕ್ಕೆ ಎಣಿಸುವಾಗ ಅದು ಕಂಡಿರಲಿಲ್ಲ. ಅವಳು ಕೈ ಚಾಚಿ ಸ್ವಿಚ್ಚನ್ನು ಕೆಳಗೆ ಎಳೆದಳು.

ಹದಿನೆಂಟು ಮೆಷಿನ್ನುಗಳು ಒಮ್ಮೆಗೇ ನಿಂತವು.

"ಯಾರದು?" ಅಮ್ಮನ ದನಿ ಹಜಾರವನ್ನು ತುಂಬಿತು. "ಏನೇ ಇದು ಹುಡುಗಾಟ?"

"ಹೊರಗೆ ಹೋಗ್ಬೇಕು ಅಮ್ಮ. ಎಲ್ರೂ. ಈಗಲೇ."

"ಯಾಕೆ? ನೀನೇ ತಾನೇ ಐದು ವಾರ ಇದೆ ಅಂದಿದ್ದು? ನಿನ್ನ ಮಾತು ನಂಬಿ ಇವರನ್ನೆಲ್ಲ ಕರೆಸಿದ್ದೀನಿ. ನಿನ್ನೆ ಒಂದು, ಇವತ್ತು ಒಂದು ಹೇಳಿದ್ರೆ ನಾನು ಇವರಿಗೆಲ್ಲ ಹೇಗೆ ಮುಖ ತೋರಿಸ್ಲಿ?"

"ತಪ್ಪು ಹೇಳ್ಬಿಟ್ಟೆ ಅಮ್ಮ. ಗೆರೆ ಸರಿಯಾಗೇ ಓದಿದೆ. ಒಂದು ಚೌಕ ಅಂದ್ರೆ ಎಷ್ಟು ದಿನ ಅಂತ ತಾತನ್ನ ಕೇಳ್ಲಿಲ್ಲ. ಹಾಳೆ ಅಂಟಿಸಿ ಏಳೇ ವಾರ ಆಗಿದ್ದು, ಹದಿಮೂರು ಚುಕ್ಕೆ ಹೇಗೆ ಬಂತು ಅಂತಾನೂ ಯೋಚಿಸ್ಲಿಲ್ಲ. ಅದು ವಾರ ಅಲ್ಲ. ಇವತ್ತು..." ಅವಳು ಬಿರುಕಿನತ್ತ ಕೈ ತೋರಿಸಿದಳು. "ಇವತ್ತೇ ಅಮ್ಮ."

ಅಮ್ಮ ಏನೋ ಹೇಳಲು ಹೊರಟವಳು ಬಾಯಿ ತೆರೆದುಕೊಂಡೇ ನಿಂತಳು. ಎಲ್ಲರಿಗೂ ಕೇಳುತ್ತಿತ್ತು. ಇಷ್ಟು ಹೊತ್ತು ಮೆಷಿನ್ನುಗಳ ಸದ್ದು ಮುಚ್ಚಿಟ್ಟಿದ್ದ ಇನ್ನೊಂದು ಸದ್ದು: ಸರ್... ಸರ್... ಯಾರೋ ಗೋಡೆಯೊಳಗೆ ಕೂತು ಅಕ್ಕಿ ಜರಡಿ ಹಿಡಿಯುತ್ತಿರುವ ಹಾಗೆ. ಬಿರುಕಿನ ಬುಡದಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಗಾರೆಯ ಪುಡಿ ಒಂದು ಪುಟ್ಟ ಗುಡ್ಡೆಯಾಗಿ ಬೆಳೆಯುತ್ತಿತ್ತು.

"ಏಳ್ರೇ" ಎಂದಳು ಅಮ್ಮ. ಕೂಗಲಿಲ್ಲ. "ಬಟ್ಟೆ ಅಲ್ಲೇ ಬಿಡಿ. ಚಪ್ಪಲೀನೂ ಬಿಡಿ. ನಡೀರಿ."

ಕುರ್ಚಿಗಳು ಉರುಳಿದವು. ಕಾಜಾ ಅಕ್ಕ ಕಾಲು ನೋವಿನ ಒಬ್ಬಳನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿಕೊಂಡೇ ಹೊರಟಳು. ಅಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬೆನ್ನು ಮುಟ್ಟಿ ಎಣಿಸಿದಳು: ಹದಿನಾರು, ಹದಿನೇಳು, ಹದಿನೆಂಟು. ಆಮೇಲೆ ಇನ್ನೂ ಸ್ವಿಚ್ಚಿನ ಬಳಿಯೇ ನಿಂತಿದ್ದ ಮಗಳತ್ತ ತಿರುಗಿ, ಇಡೀ ಬೀದಿಗೆ ಕೇಳುವಂತೆ ಕಿರುಚಿದಳು: "ಅಲ್ಲೇನು ಮಾಡ್ತಿದ್ದೀಯೇ, ಬಾರೇ!"

ಅವಳಿಗೆ ಓಡಿದ್ದು ನೆನಪಿಲ್ಲ. ಎದುರಿನ ಪಾದಚಾರಿ ದಾರಿಯ ಕಂಬವನ್ನು ಅಪ್ಪಿಕೊಂಡಿದ್ದಷ್ಟೇ ನೆನಪು. ತಾತ ಬಂದು ಪಕ್ಕದಲ್ಲಿ ನಿಂತ. ಪೆನ್ಸಿಲ್ಲು ಕಿವಿಯ ಮೇಲಿತ್ತು.

ಕಾದರು. ಏನೂ ಆಗಲಿಲ್ಲ. ದಾರಿಹೋಕರು ಬರಿಗಾಲಿನ ಹೆಂಗಸರ ಗುಂಪನ್ನು ತಿರುಗಿ ನೋಡಿಕೊಂಡು ಹೋದರು. ಯಾರೋ ಸಣ್ಣಗೆ, "ನನ್ನ ಪರ್ಸು ಒಳಗಿದೆ, ಒಂದೇ ನಿಮಿಷ" ಎಂದು ಹೆಜ್ಜೆ ಇಟ್ಟಳು. ಅವಳು ಹಾರಿ ಆ ಹೆಂಗಸಿನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಲಿಲ್ಲ. "ಬಿಡೇ, ಹರಿದುಹೋಗುತ್ತೆ" ಎಂದರೂ ಬಿಡಲಿಲ್ಲ.

ಕಿಟಕಿಯ ಗಾಜು ಟಪ್ಪೆಂದಿತು. ಹಿಂದೆಯೇ, ಅಂಥ ದೊಡ್ಡ ಸದ್ದೇನೂ ಇಲ್ಲದೆ, ಹಿಂದಿನ ಗೋಡೆ ಕೂತುಬಿಟ್ಟಿತು. ಅದರ ಮೇಲೆ ಸೂರು ಬಂತು. ತೆರೆದ ಬಾಗಿಲಿನಿಂದ ಬಿಳಿಯ ಧೂಳು ಬೀದಿಗೆ ನುಗ್ಗಿ ಎಲ್ಲರ ತಲೆಗೂದಲನ್ನು ನರೆಸಿತು.

ಪರ್ಸಿನ ಹೆಂಗಸು ನೆಲದ ಮೇಲೆ ಕೂತು ಅಳುತ್ತಿದ್ದಳು.

"ಒಂಬತ್ತೂವರೆಗೆ ನೋಡಿದಾಗ ಹತ್ತೂವರೆ ಮಿಲಿಮೀಟರ್ ಇತ್ತು" ಎಂದ ತಾತ, ಯಾರನ್ನೂ ನೋಡದೆ. "ಹನ್ನೆರಡು ಮುಟ್ಟೇ ಇರಲಿಲ್ಲ. ನಾನು ಹದಿನಾರನೇ ಚುಕ್ಕೆಗೆ ಅಂತ ಪೆನ್ಸಿಲ್ಲು ಚೂಪು ಮಾಡ್ತಿದ್ದೆ." ಕಿವಿಯ ಮೇಲಿಂದ ಪೆನ್ಸಿಲ್ಲು ತೆಗೆದ. ಮೊನೆಯನ್ನು ಹೆಬ್ಬೆರಳಿನಿಂದ ಒತ್ತಿ ಮುರಿದ.

ಅಮ್ಮ ಬಂದು ಮಗಳ ಕೈಗಳನ್ನು ಆ ಸೆರಗಿನಿಂದ ಒಂದೊಂದೇ ಬೆರಳಾಗಿ ಬಿಡಿಸಿದಳು.

"ಇನ್ಮೇಲೆ ಕಿರುಚು" ಎಂದಳು. "ಸ್ವಿಚ್ಚು ಹುಡುಕ್ಕೊಂಡು ಗೋಡೆ ಹತ್ತಿರ ಹೋಗ್ಬೇಡ. ಗೊತ್ತಾಯ್ತಾ?"

ಅವಳು ಹೂಂ ಎನ್ನಲು ಹೋದಳು. ದನಿ ಹೊರಡಲಿಲ್ಲ. ತಲೆ ಆಡಿಸಿದಳು.