ಬೇವಿನ ಮೇಲಿನ ಮನೆ

"ಅಕ್ಕಾರ, ನೆಲದಾಗ ಕಿಂಡಿ ಯಾಕ್ರಿ? ಹುಡುಗರು ಆಡೋ ಜಾಗ. ಕಾಲು ಜಾರಿ ಬಿದ್ದರ?"

ಬಡಿಗ ಮೊಗುಲಪ್ಪ ಬೇವಿನ ಮರದ ಕವಲಿನಲ್ಲಿ ಹಲಗೆ ಜೋಡಿಸುತ್ತ ಕುಳಿತು ಕೆಳಗೆ ನೋಡಿ ಕೇಳಿದ. ಮಹಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹಿಡಿದು ನಿಂತಿದ್ದಳು.

"ಮುಚ್ಚಳ ಮಾಡು. ಮ್ಯಾಲೆ ಗಟ್ಟಿ ಅಗಳಿ ಹಾಕು. ಕಿಂಡಿ ಮಾತ್ರ ಆ ಕಡಿ ಟೊಂಗಿ ಮಗ್ಗಲಾಗೇ ಬರಬೇಕು."

ಆ ಕಡೆಯ ಕೊಂಬೆ ಗೋಡೆ ದಾಟಿ ಅವಳ ಭಾವ ಲಿಂಗಣ್ಣನ ಹಿತ್ತಲಿಗೆ ಚಾಚಿತ್ತು. ಅದರ ಸರಿ ಕೆಳಗೆ ಬಾವಿ. ಮೊಗುಲಪ್ಪ ಬಾವಿ ನೋಡಿದ, ಅವಳ ಮುಖ ನೋಡಿದ, ಮತ್ತೇನೂ ಕೇಳದೆ ಉಳಿ ಎತ್ತಿಕೊಂಡ.

ನಾರಾಯಣಪೇಟೆಯ ಆ ಮನೆಯ ಹಿತ್ತಲಲ್ಲಿ ಮೊದಲು ಗೋಡೆ ಇರಲಿಲ್ಲ. ಅಣ್ಣ ತಮ್ಮ ಕೂಡಿ ಸೀರೆ ವ್ಯಾಪಾರ ಮಾಡುತ್ತಿದ್ದರು. ತಮ್ಮ, ಮಹಾಂತಮ್ಮನ ಗಂಡ, ಕಾಲರಾ ಬಂದು ತೀರಿಕೊಂಡ. ವರ್ಷ ತುಂಬುವ ಮೊದಲೇ ಲಿಂಗಣ್ಣ ಪಾಲು ಮಾಡಿಸಿದ. ಪಂಚರು ಮಠದ ಕಟ್ಟೆಯ ಮೇಲೆ ಕುಳಿತು ಫೈಸಲಾ ಹೇಳಿದರು: ಬಾವಿ ಹಿರಿಯನಿಗೆ, ಬೇವಿನ ಮರ ಕಿರಿಯನ ಮಕ್ಕಳಿಗೆ, ನಡುವೆ ಗೋಡೆ, ಗೋಡೆಯಲ್ಲೊಂದು ಬಾಗಿಲು, ನೀರು ಇಬ್ಬರಿಗೂ. ಗೋಡೆ ಎದ್ದಿತು. ಕೆಲವೇ ದಿನಗಳಲ್ಲಿ ಲಿಂಗಣ್ಣ ಬಾಗಿಲಿಗೆ ಕಲ್ಲು ತುಂಬಿಸಿದ.

ಕೇಳಲು ಹೋದ ಮಹಾಂತಮ್ಮನಿಗೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಉತ್ತರ ಸಿಕ್ಕಿತು. "ಗಿಡ ನಿಂದೇ ಐತಲ್ಲ. ಮಕ್ಕಳನ ಕರ್ಕೊಂಡು ಗಿಡದಾಗ ಮನಿ ಮಾಡ್ಕೊಂಡಿರು, ಮಂಗ್ಯಾನಂಗ."

ಗಿರಾಕಿಗಳು ನಕ್ಕರು. ಆ ಮಾತು ಅವಳಿಗಿಂತ ಮೊದಲೇ ಓಣಿ ಸೇರಿತ್ತು. ಮಗ ಅಯ್ಯಣ್ಣ, ಮಗಳು ವೀರಿ ಹೊರಗೆ ಬಂದರೆ ಹುಡುಗರು ಮಂಗನ ಹಾಗೆ ಕೆರೆದುಕೊಂಡು ತೋರಿಸುತ್ತಿದ್ದರು. ಊರ ಕೆಳಗಿನ ಬಾವಿಯಿಂದ ಕೊಡ ಹೊತ್ತು ಏರುವಾಗಲೆಲ್ಲ ಮಹಾಂತಮ್ಮ ಆ ಮಾತನ್ನೇ ಮೆಲುಕು ಹಾಕಿದಳು. ಒಂದು ದಿನ ಮಕ್ಕಳಿಗೆ ಅಂದಳು, "ಮನಿ ಅಂದ್ರ ಮನಿ ಮಾಡೇ ಬಿಡೂಣು. ನಿಮ್ಮ ದೊಡ್ಡಪ್ಪನೇ ಹೇಳ್ಯಾನ."

ಕಿಂಡಿಯ ಗುಟ್ಟು ಮಕ್ಕಳಿಗೆ ಹೇಳಲಿಲ್ಲ. ಅವರಿಗೆ ಬೇಕಾದ ಮನೆಯನ್ನು ಮಾತ್ರ ಅವರ ಮನಸ್ಸಿನಂತೆ ಮಾಡಿಸಿದಳು. ಅಯ್ಯಣ್ಣ ನಾಲ್ಕು ಕಡೆಗೂ ಕಿಟಕಿ ಬೇಕೆಂದ. ಬಿದಿರಿನ ತಟ್ಟಿಯಲ್ಲಿ ನಾಲ್ಕು ಕಿಟಕಿ ಬಿಡಿಸಿದಳು. ವೀರಿಗೆ ಗೂಡು ಬೇಕಿತ್ತು, ಗೊಂಬೆ ಇಡಲು. ತಟ್ಟಿಗೆ ಸಗಣಿ ಮೆತ್ತಿ, ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಬಳ್ಳಿ ಬರೆದಳು. ಮಗ್ಗದವರ ಮನೆಯಿಂದ ಕೆಂಪು ಅಂಚಿನ ಚೂರುಗಳನ್ನು ತಂದು ತೋರಣ ಹೊಲಿದಳು. ಲಂಬಾಣಿ ಹೆಂಗಸೊಬ್ಬಳು ಕೊಟ್ಟ ಕನ್ನಡಿ ಚೂರುಗಳನ್ನು ಭಾವನ ಹಿತ್ತಲಿಗೆ ಎದುರಾಗಿರುವ ತಟ್ಟಿಗೇ ಅಂಟಿಸಿದಳು. ಬೆಳಗಿನ ಬಿಸಿಲಿಗೆ ಅವು ಲಿಂಗಣ್ಣನ ಪಡಸಾಲೆಯೊಳಗೆಲ್ಲ ಬೆಳಕಿನ ಚುಕ್ಕೆ ಚೆಲ್ಲಿದವು.

ಲಿಂಗಣ್ಣ ಮೊದಲು ನಕ್ಕ. ಮೇಲಿನ ಕಿಟಕಿಗೆ ಕಾಣುತ್ತದೆಂದು ಮನೆಯ ಹೆಂಗಸರು ಹಿತ್ತಲಲ್ಲಿ ಸ್ನಾನ ಮಾಡಲಾಗದಂತಾದಾಗ ಬೈದ, ಮಠಕ್ಕೆ ಹೋಗಿ ದೂರು ಹೇಳಿದ. "ಗಿಡ ಆಕೀದು ಅಂತ ನೀನೇ ಒಪ್ಪಿ ಬಂದೀಯಲ್ಲೋ," ಎಂದರು ಪಂಚರು. ಮಹಾಂತಮ್ಮ ಆ ರಾತ್ರಿ ಹೊಟ್ಟೆ ತುಂಬ ಉಂಡಳು. ಆದರೂ ಕಿಂಡಿಯ ಅಗಳಿ ತೆಗೆಯಲಿಲ್ಲ. ಅದಕ್ಕೆ ಮಂದಿ ನೋಡುವ ದಿನ ಬೇಕಿತ್ತು.

ಆ ದಿನ ಬಂತು. ಲಿಂಗಣ್ಣನ ಮಗಳು ಚನ್ನವೀರಮ್ಮನನ್ನು ನೋಡಲು ಗದ್ವಾಲದಿಂದ ಬೀಗರು ಬರುವವರಿದ್ದರು. ಹುಡುಗ ಸಂಸ್ಥಾನದ ಕಚೇರಿಯಲ್ಲಿ ಗುಮಾಸ್ತ. ಚನ್ನವೀರಮ್ಮ ಮಹಾಂತಮ್ಮನ ಮಡಿಲಲ್ಲೇ ಬೆಳೆದವಳು. ಗೋಡೆ ಎದ್ದ ಮೇಲೂ ಅಪ್ಪ ಇಲ್ಲದಾಗ ಕಲ್ಲಿನ ಮೇಲೆ ನಿಂತು ಚಿಗವ್ವನಿಗೆ ತಂಬಿಗೆ ನೀರು ದಾಟಿಸಿ, ಸಿಕ್ಕಿಬಿದ್ದು ಏಟು ತಿಂದಿದ್ದಳು. 'ಮಾನ ಹೋಗೋದು ಅಪ್ಪಂದು, ಮಗಳದಲ್ಲ,' ಎಂದು ಮಹಾಂತಮ್ಮ ತನಗೆ ತಾನೇ ಹೇಳಿಕೊಂಡಳು.

ಬಂದವರು ಕೈಕಾಲು ತೊಳೆಯಲು ಬಾವಿಕಟ್ಟೆಗೆ ಬಂದರು. ಹೊಸ ಸೀರೆ ಉಟ್ಟು ಹೂ ಮುಡಿದ ಚನ್ನವೀರಮ್ಮ ತಂಬಿಗೆ ಹಿಡಿದು ನಿಂತಿದ್ದಳು. ಆಗ ಮೇಲೆ, ಅಗಳಿ ತೆಗೆದ ಕಿಂಡಿಯಿಂದ, ಕಿರ್ರೆಂದು ರಾಟೆ ತಿರುಗಿದ ಸದ್ದಾಯಿತು. ಸುಣ್ಣದ ಚುಕ್ಕೆಯಿಟ್ಟ ಕೊಡವೊಂದು ಎಲೆಗಳ ನಡುವಿನಿಂದ ಮೆಲ್ಲಗೆ ಇಳಿದು, ಹುಡುಗನ ತಾಯಿಯ ಮೂಗಿನ ಮುಂದೆಯೇ ಹಾದು ಬಾವಿಯೊಳಕ್ಕೆ ಹೋಯಿತು.

"ಚೂಡಂಡಿ, ಚೂಡಂಡಿ!" ಎಂದು ಆಕೆ ತೆಲುಗಿನಲ್ಲಿ ಗಂಡನನ್ನು ಕೂಗಿ ತೋರಿಸಿದಳು. ಕೊಡ ತುಂಬಿ, ನೀರು ತುಳುಕಿಸುತ್ತ ಮೇಲೇರಿತು. ಕಿಂಡಿಯಲ್ಲಿ ಮಹಾಂತಮ್ಮನ ಮುಖ ಕಂಡಿತು.

"ಮಂಗ್ಯಾಗ ನೀರಡಿಕಿ ಆಗಿತ್ರಿ ಭಾವಾರ," ಎಂದಳು.

"ಯಾರ್ರೀ ಆಕಿ?" ಹುಡುಗನ ತಾಯಿ ಕೇಳಿದಳು.

ಲಿಂಗಣ್ಣನ ಮುಖ ಕಪ್ಪಿಟ್ಟಿತ್ತು. "ಮಗ್ಗಲ ಮನಿಯಾಕಿರಿ. ತಲಿ ಸರಿ ಇಲ್ಲ."

ಇಷ್ಟು ದಿನ ಕಾಯ್ದಿಟ್ಟ ಮಾತುಗಳೆಲ್ಲ ಮಹಾಂತಮ್ಮನ ನಾಲಿಗೆಯ ತುದಿಗೆ ಬಂದವು. ಅವಳು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಇನ್ನೊಂದು ದನಿ ಎದ್ದಿತು.

"ತಲಿ ಸರಿ ಐತ್ರಿ. ನಮ್ಮ ಚಿಗವ್ವ ಆಕಿ," ಎಂದಳು ಚನ್ನವೀರಮ್ಮ. "ಬಾವ್ಯಾಗ ಆಕೀಗೂ ಹಕ್ಕೈತಿ. ನಮ್ಮಪ್ಪ ಬಾಗಿಲಿಗೆ ಕಲ್ಲು ತುಂಬ್ಯಾನ."

ಹುಡುಗನ ತಾಯಿ ತೊಳೆಯಬೇಕೆಂದು ಎತ್ತಿದ್ದ ಕಾಲನ್ನು ಹಾಗೇ ಚಪ್ಪಲಿಯೊಳಗೆ ಇಳಿಸಿದಳು. "ಗಂಡ ಸತ್ತಾಕೀಗೆ ನೀರು ಬಂದ್ ಮಾಡಿದ ಮನಿ," ಎಂದು ಆಕೆ ಅಂದದ್ದು ಮೇಲೆ ಕೇಳಿಸಿತು. "ತಂದಿ ಮುಂದ ಹಿಂಗ ಬಾಯಿ ಬಿಡೋ ಹುಡುಗಿ," ಎಂದು ಗಂಡ ಅಂದದ್ದೂ ಕೇಳಿಸಿತು. ಅವರ ಬಂಡಿ ಊಟಕ್ಕೆ ನಿಲ್ಲದೆ ಹೋಯಿತು. ಮಾಡಿದ ಹೋಳಿಗೆಯ ವಾಸನೆ ಹಿತ್ತಲಲ್ಲೇ ಉಳಿಯಿತು.

ಸಂಜೆ ಹೊತ್ತಿಗೆ ಲಿಂಗಣ್ಣ ಆಳನ್ನು ಕರೆಯದೆ ತಾನೇ ಹಾರೆ ಹಿಡಿದು ಬಾಗಿಲ ಕಲ್ಲುಗಳನ್ನು ಕಿತ್ತ. ಪ್ರತಿ ಏಟಿಗೂ ಮಹಾಂತಮ್ಮ ಕಿವಿಗೊಟ್ಟು ಕುಳಿತಿದ್ದಳು. ಇದೇ ಸದ್ದನ್ನು ಕೇಳಲು ಅವಳು ಎಷ್ಟು ಸಲ ಕನಸು ಕಂಡಿರಲಿಲ್ಲ! ಕೊನೆಯ ಕಲ್ಲು ಬಿದ್ದಾಗ ಲಿಂಗಣ್ಣ ಅವಳ ಕಡೆ ನೋಡದೆ, "ಸೇದ್ಕೋ," ಎಂದು ಹೊರಟುಹೋದ.

ಬಾಗಿಲ ಧೂಳು ಅಡಗುವ ಮೊದಲೇ ಚನ್ನವೀರಮ್ಮ ಬಂದಳು. ಅದೇ ಸೀರೆ ಉಟ್ಟಿದ್ದಳು. ಅಂಚಿಗೆಲ್ಲ ಕಲ್ಲಿನ ಪುಡಿ. ಒಂದು ಕೆನ್ನೆ ಬಾತಿತ್ತು. ಕಂಕುಳಲ್ಲಿದ್ದ ತುಂಬಿದ ಕೊಡವನ್ನು ಚಿಗವ್ವನ ಹೊಸ್ತಿಲ ಮುಂದೆ ಇಳಿಸಿದಳು.

"ತಗೋ ಚಿಗವ್ವ."

"ಚನ್ನೀ, ನಾ ನಿನಗ..."

"ತಗೋ," ಎಂದಳು ಮತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ತಿರುಗಿ ಹೋದಳು.

ಮರದ ಮೇಲಿನಿಂದ ವೀರಿ ಇಳಿದು ಓಡಿಬಂದಳು. ಆಡಿ ಬೆವೆತು ಅವಳ ಗಂಟಲು ಒಣಗಿತ್ತು. ಕೊಡದ ಅಂಚಿಗೆ ಎರಡೂ ಕೈ ಹಚ್ಚಿ, "ಅವ್ವಾ, ಕುಡೀಲಾ?" ಎಂದು ಕೇಳಿದಳು.

ಈ ನೀರಿಗೆ ಚನ್ನಿ ತೆತ್ತದ್ದನ್ನು ನೆನೆಯುತ್ತ ಮಹಾಂತಮ್ಮ ಕೊಡದ ಎದುರು ಕುಕ್ಕರಗಾಲಲ್ಲಿ ಕುಳಿತಿದ್ದಳು. ನೀರು ಇನ್ನೂ ಅಲುಗುತ್ತಿತ್ತು. "ತಡಿ, ನಿಲ್ಲಲಿ," ಎಂದಳು. ಅದು ನಿಲ್ಲಲೆಂದು ಇಬ್ಬರೂ ಕಾದರು.