ಬಿಟ್ಟಿ ಅಂದರೆ ಏನು

ಮುಧೋಳದ ವಕೀಲ ಅಮೋಲ ಆ ದಿನ ಜಮಖಂಡಿಯಲ್ಲಿ ಕಾರ್ಮಿಕ ಅಧಿಕಾರಿಯ ಮುಂದೆ ಬಹಳ ಛಲೋ ವಾದ ಮಾಡಿದ. ಅವನು ಬನಹಟ್ಟಿಯ ಒಂದು ಖಾಸಗಿ ಶಾಲೆಯ ಚೇರ್ಮನ್‌ರ ಪರ. ದೂರು ಕೊಟ್ಟವಳು ಅದೇ ಶಾಲೆಯಲ್ಲಿ ಕಸ ಹೊಡೆಯುವ ಕರೆವ್ವ. ಹನ್ನೊಂದು ವರ್ಷದಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಚೇರ್ಮನ್‌ರ ಮನೆಯ ಪಾತ್ರೆ, ಬಟ್ಟೆಯನ್ನೂ ತೊಳೆಯುತ್ತಿದ್ದಳು. ಅದಕ್ಕೆ ಪಗಾರವಿಲ್ಲ. ಸಂವಿಧಾನದಲ್ಲಿ ಬಿಟ್ಟಿ ದುಡಿಮೆಗೆ ನಿಷೇಧವಿದೆ ಎಂದು ಯಾರೋ ಅರ್ಜಿ ಬರೆದುಕೊಟ್ಟಿದ್ದರು.

"ಸಂವಿಧಾನ ಬರೆದ ಕಾಲಕ್ಕೆ ಆ ಶಬ್ದಕ್ಕೆ ಯಾವ ಅರ್ಥ ಇತ್ತೋ ಅದನ್ನೇ ಹಿಡೀಬೇಕು ಸರ್," ಎಂದ ಅಮೋಲ. "ಆಗ ಬಿಟ್ಟಿ ಅಂದ್ರೆ ಸಂಸ್ಥಾನದ ಸಿಪಾಯಿ ಬಡಿದು ಎಳಕೊಂಡು ಹೋಗಿ ದುಡಿಸೋದು. ಈಕೆಯನ್ನ ಯಾರು ಬಡಿದಾರ?"

ಅಧಿಕಾರಿ ಕರೆವ್ವನ ಕಡೆ ನೋಡಿದರು.

"ಯಾರೂ ಬಡದಿಲ್ರಿ," ಎಂದಳು. ಹಾಗಾದರೆ ತನ್ನದು ಬಿಟ್ಟಿಯಲ್ಲವೇನೋ ಅನ್ನಿಸಿ, ಅರ್ಜಿ ವಾಪಸ್ ಪಡೆಯುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಅಮೋಲ ಹೊರಗೆ ಬಂದಾಗ ಕಟ್ಟೆಯ ಮೇಲೆ ಕೂತಿದ್ದ ಕರೆವ್ವನ ಅತ್ತೆ ಶಿವವ್ವ ಅವನನ್ನು ಕರೆದಳು. ತೊಂಬತ್ತರ ಮುದುಕಿ.

"ವಕೀಲ್ರ, ನಾನೂ ಮುಧೋಳದಾಕಿರಿ. ಸಣ್ಣಾಕಿದ್ದಾಗ, ರಾಜರ ಕಾಲದಾಗ, ಬಿಟ್ಟಿ ಮಾಡೇನಿ. ಸಾಹೇಬ್ರು ಬಂದಾಗ ಬಂಗಲೆಕ್ಕ ನೀರ ಹೊರೂದು."

ಅಮೋಲ ನಕ್ಕ. "ಬಡೀತಿದ್ರೇನ್ ಆಯಿ?"

"ಯಾಕ ಬಡೀತಾರ್ರಿ? ಕರದ್ರ ಹೋಗತಿದ್ವಿ. ಒಲ್ಲೆ ಅನ್ನಾಕ ಬರತೈತಿ ಅಂತ ನಮಗ ಗೊತ್ತ ಇರಲಿಲ್ಲ. ಬಡೀತಿದ್ರು ಅಂತ ನಿಮಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಎಲ್ಲೂ ಓದಿರಲಿಲ್ಲ. ವಾದಕ್ಕೆ ಬೇಕಿತ್ತು, ಹೇಳಿದ್ದ. ಮುದುಕಿಗೆ ಸಿಟ್ಟೂ ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ಅಷ್ಟರಲ್ಲಿ ಕರೆವ್ವ ಹೊರಗೆ ಬಂದು ಅತ್ತೆಯ ಪಕ್ಕ ನಿಂತಳು.

"ಕರೆವ್ವಾರ, ಅರ್ಜಿ ಮತ್ತ ಕೊಡ್ರಿ," ಎಂದ ತಲೆ ತಗ್ಗಿಸಿ. "ಆಯಿನ್ನ ಸಾಕ್ಷಿ ಹಾಕ್ರಿ."

"ನೀವ ನಮ್ಮ ಕಡೆ ನಿಂದರತೀರೇನ್ರಿ?"

"ಆಗೂದಿಲ್ಲ. ಅವರ ವಕೀಲ ಆಗಿದ್ದವ ನಾನು." ಜಮಖಂಡಿಯ ವಕೀಲೆ ನಂದಾ ಅವರ ನಂಬರು ಬರೆದುಕೊಟ್ಟ. ಆವತ್ತೇ ಚೇರ್ಮನ್‌ರಿಗೆ ಫೋನ್ ಮಾಡಿ ಅವರ ಕೇಸು ಬಿಟ್ಟ. "ಗೆದ್ದ ಮ್ಯಾಲ ಯಾರರ ಬಿಡ್ತಾರೇನ್ರಿ?" ಎಂದು ಅವರು ಕೇಳಿದರು.

ಎರಡನೇ ಅರ್ಜಿಯ ವಿಚಾರಣೆಯ ದಿನ ಅಮೋಲ ಬಾಗಿಲ ಹೊರಗೇ ನಿಂತ. ಒಳಗೆ ಶಿವವ್ವ ನೀರು ಹೊತ್ತದ್ದನ್ನೆಲ್ಲ ಹೇಳಿದಳು, ಅಧಿಕಾರಿ ಬರೆದುಕೊಂಡರು. ಮುಂದಿನ ತಾರೀಖಿಗೆ ಚೇರ್ಮನ್‌ರೇ ಖುದ್ದಾಗಿ ಬಂದು ಉತ್ತರ ಕೊಡಬೇಕೆಂದು ಆದೇಶವಾಯಿತು. ಕರೆವ್ವ ಅವರ ಮನೆಗೆ ಹೋಗುವುದನ್ನು ಆಗಲೇ ಬಿಟ್ಟಿದ್ದಳು.

ಹೊರಬರುವಾಗ ಆಕೆ ಅವನನ್ನು ಕಂಡು ನಿಂತಳು. "ನಿಮ್ಮಿಂದ ಭಾಳ ಉಪಕಾರ ಆತ್ರಿ," ಎಂದಳು.

ಅದಕ್ಕಿಂತ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.