ಮಯೂರಿಯ ಫೋಲ್ಡರುಗಳು

ಮೌಸಿನ ಮೇಲೆ ಎಣ್ಣೆ, ಯಾರದೋ ಸಮೋಸಾ ಬೆರಳಿನ ಎಣ್ಣೆ, ಥೂ, ಪ್ರಕೃತಿ ಟಿಶ್ಯೂ ತೆಗೆದು ಒರೆಸಿದಳು, ಒರೆಸಿದಷ್ಟೂ ಜಿಡ್ಡು ಹರಡುತ್ತದೆ, ಡೆಮೊ ಮುಗಿದು ಎಲ್ಲರೂ ಮಾನೇಸರ್‌ನ ಗಿರಾಕಿಯನ್ನು ಕಾರು ಹತ್ತಿಸಲು ಕೆಳಗೆ ಹೋಗಿದ್ದಾರೆ, ಮೇಜಿನ ತುಂಬ ಚಟ್ನಿ ಮೆತ್ತಿದ ಪೇಪರ್ ಪ್ಲೇಟು, ಗೋಡೆಯ ಪರದೆಯಲ್ಲಿ ಇನ್ನೂ ಅವಳ ಫೈಲ್ ಮ್ಯಾನೇಜರ್—ಎಡಕ್ಕೆ ಫೋಲ್ಡರುಗಳ ಮರ, ಬಲಕ್ಕೆ ಅದರೊಳಗಿನ ಫೈಲುಗಳು. ಬೇಸಿಗೆಯಿಂದ ಇದನ್ನೇ ಬರೆದದ್ದು, ಫರೀದಾಬಾದಿನ ಈ ಆಫೀಸಿನಲ್ಲಿ ಕೂತು, ಪ್ಲಸ್ ಗುರುತು ಒತ್ತಿದಾಗ ಮಾತ್ರ ಒಳಗಿನದನ್ನು ಓದಿ ತಂದರೆ ಮರ ಎಷ್ಟು ದೊಡ್ಡದಿದ್ದರೂ ತಡವರಿಸುವುದಿಲ್ಲ, ಅವಳದೇ ಉಪಾಯ, ಹೆಮ್ಮೆಯಿತ್ತು, ಬೆಳಗಿನವರೆಗೂ ಇತ್ತು. ವಿಶಾಲ್ ಸರ್‌ಗೆ ಸಾಲದು, ಖಾಲಿ ಫೋಲ್ಡರ್ ತೋರಿಸ್ತೀಯಾ, ಅಸಲಿ ಡೇಟಾ ಹಾಕು ಯಾರ್, ಆ ಮಯೂರಿ ಬಿಟ್ಟುಹೋದ ಲ್ಯಾಪ್‌ಟಾಪ್ ಇದೆಯಲ್ಲ, ಅದರದ್ದೇ ಎತ್ತಿ ಹಾಕು. ಸರ್, ಅದರಲ್ಲಿರೋದು ಅವಳ ಸ್ವಂತದ್ದು—ಲ್ಯಾಪ್‌ಟಾಪ್ ಆಫೀಸಿನದು, ಒಳಗಿರೋದೂ ಆಫೀಸಿನದು. ಅಚ್ಛಾ ಸರ್, ಅಂದಳು. ಅಷ್ಟು ಸಲೀಸಾಗಿ.

ಪಕ್ಕದ ಕುರ್ಚಿಯ ಮಯೂರಿ, ತುಮಕೂರಿನವಳು, ಅಮ್ಮನಿಗೆ ಕ್ಯಾನ್ಸರ್ ಎಂದು ಇಲ್ಲಿಗೇ ಕರೆಸಿಕೊಂಡು ಸರೋಜಿನಿ ನಗರದ ಚಿಕ್ಕಪ್ಪನ ಕ್ವಾರ್ಟರ್ಸ್‌ನಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಓಡಾಡಿದವಳು, ಡಾಕ್ಟರು ಇನ್ನು ಔಷಧಿ ಬೇಡ ಅಂದ ದಿನವೇ ಕೆಲಸ ಬಿಟ್ಟು ಅಮ್ಮನ ಜೊತೆ ಊರಿಗೆ ಹೋದಳು. ಒಂದು ಭಾನುವಾರ ಅಲ್ಲಿನ ಮಾರ್ಕೆಟ್ಟಿಗೆ ಹೋದ ಪ್ರಕೃತಿ ಅವರ ಮನೆಗೂ ಹೋಗಿದ್ದಳಲ್ಲ, ಆ ಅಮ್ಮ ತಲೆಗೆ ಹೂವಿನ ಸ್ಕಾರ್ಫ್ ಬಿಗಿದು ಚಿತ್ರಾನ್ನ ಬಡಿಸಿದ್ದರು, ತಿನ್ನಮ್ಮ, ಈ ಊರಿನ ನಿಂಬೆಹಣ್ಣಿಗೆ ಹುಳೀನೇ ಇಲ್ಲ ನೋಡು, ಬಡಿಸುವಾಗಲೂ ಒಂದು ಕೈ ಸ್ಕಾರ್ಫಿನ ಮೇಲೆ, ಎಲ್ಲಿ ಜಾರೀತೋ ಎಂದು. ಮಯೂರಿ ಫೋಲ್ಡರುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದಳು, ಇಂಗ್ಲಿಷ್ ಅಕ್ಷರದ ಕನ್ನಡ, ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ. ಡೆಮೊದಲ್ಲಿ ಆ ಮರ ತೆರೆದುಕೊಂಡಿತು, ಮಾನೇಸರ್‌ನವನು ಸಮೋಸಾ ಜಗಿಯುತ್ತಲೇ ಪರದೆಗೆ ಬೆರಳು ತೋರಿಸಿದ, ಯೇ ಬೇಡ ಕ್ಯಾ ಹೈ ಮೇಡಂ? ಗೊತ್ತಿಲ್ಲ ಅನ್ನಬಹುದಿತ್ತು. ಮೂರಕ್ಷರ ಸಾಕಿತ್ತು, ಪತಾ ನಹೀ ಅಂದರೂ ಸಾಕಿತ್ತು. ಗಂಡುಗಳು ಅನ್ನೋ ಫೋಲ್ಡರಿನೊಳಗೆ ಬೇಡ ಅಂದ್ರೆ ಮಯೂರಿ ಮದುವೆಗೆ ಒಲ್ಲೆ ಅಂದ ಹುಡುಗರ ಫೋಟೋ ಸರ್, ಇದು ನೋಡೋಣ ಅನ್ನೋ ಫೋಲ್ಡರ್, ಇವರು ಇನ್ನೂ ಲೈನಿನಲ್ಲಿದ್ದಾರೆ—ಮೇಜಿನ ಸುತ್ತ ನಗು, ಎಲ್ಲರೂ ಅವಳತ್ತ ತಿರುಗಿ ನಗುತ್ತಿದ್ದಾರೆ, ಈ ಆಫೀಸಿನಲ್ಲಿ ಅವಳ ಮಾತಿಗೆ ಯಾರು ನಕ್ಕಿದ್ದರು, ಹಿತವಾಯಿತು, ಅದೇ ಅಸಹ್ಯ, ಹಿತವಾಯಿತು, ಇನ್ನೊಂದು ಹೇಳಿದಳು. ಇದು ಅಮ್ಮ ನಕ್ಕಿದ್ದು. ಅದೇ ತಮಾಷೆಯ ದನಿಯಲ್ಲಿ ಹೇಳಿ ಪ್ಲಸ್ ಒತ್ತಿದಳು. ಗೋಡೆ ತುಂಬ ಬೋಳು ತಲೆ, ಹುಬ್ಬಿಲ್ಲದ ಮುಖ, ಅಗಲಕ್ಕೆ ತೆರೆದ ಬಾಯಿ. ಅರೇ ಬಾಪ್‌ರೇ, ಭೂತನೀ! ಯಾರೋ ಅಂದರು, ಮಾನೇಸರ್‌ನವನಿಗೆ ನಗು ಉಕ್ಕಿ ಸಮೋಸಾ ನೆತ್ತಿಗೇರಿತು, ಅವಳೂ ನಕ್ಕಳು, ಹೌದು, ಅವಳೂ.

ವಿಶಾಲ್ ಸರ್ ಬಾಗಿಲಲ್ಲಿ ತಲೆ ತೂರಿಸಿದರು, ಸೂಪರ್ ಪ್ರಕೃತಿ, ಆರ್ಡರ್ ಪಕ್ಕಾ, ನಾಳೆ ನೋಯ್ಡಾದವರು ಬರ್ತಾರೆ, ಇದನ್ನೇ ತೋರಿಸು, ಆ ಭೂತನೀ ಇರಲಿ, ಎಲ್ಲರೂ ಸಡಿಲ ಆಗ್ತಾರೆ. ಹೋದರು. ಅಳಿಸಿಬಿಡಬೇಕು, ಈಗಲೇ, ಬೆರಳು ಡಿಲೀಟ್ ಮೇಲಿತ್ತು, ಮಯೂರಿಯನ್ನು ಒಂದು ಮಾತು ಕೇಳಿಬಿಡೋಣ ಎಂದು ಫೋನ್ ಮಾಡಿದಳು. ಪ್ರಕೃತಿ? ನೀನೇನಾ? ದನಿ ಒಡೆದಿತ್ತು, ಅಮ್ಮ ಹೋಗಿಬಿಟ್ರು ಕಣೇ, ಹೋದ ವಾರ, ಯಾರಿಗೂ ಹೇಳೋಕಾಗಲಿಲ್ಲ. ಅಯ್ಯೋ, ಅಂದಳು. ಒಂದು ಉಪಕಾರ ಮಾಡ್ತೀಯಾ, ನನ್ನ ಲ್ಯಾಪ್‌ಟಾಪ್ ಅವತ್ತೇ ಕಿತ್ಕೊಂಡ್ರಲ್ಲ, ಕಾಪಿ ಮಾಡ್ಕೊಳ್ಳೋಕೂ ಬಿಡಲಿಲ್ಲ, ಅದರಲ್ಲಿ ಅಮ್ಮ ನಕ್ಕಿದ್ದು ಅಂತ ಒಂದು ಫೋಲ್ಡರ್ ಇದೆ, ಸ್ಕಾರ್ಫ್ ತೆಗೆದು ನಕ್ಕಿದ್ದು ಅದೊಂದೇ ಸಲ ಕಣೇ, ನನ್ನೆದುರಿಗೆ ಮಾತ್ರ, ಬೇರೆ ಯಾರಿಗೂ ತಲೆ ತೋರಿಸ್ತಿರಲಿಲ್ಲ. ಹುಡುಕ್ತೀನಿ. ಅಲ್ಲಿ ಯಾರೂ ನೋಡಿಲ್ಲ ತಾನೆ? ಇಲ್ಲ ಕಣೇ, ಯಾರು ನೋಡ್ತಾರೆ. ಬಿಡು, ನೋಡಿದರೂ ಏನು ತಿಳಿಯುತ್ತೆ, ಅಲ್ಲಿ ಕನ್ನಡ ಬರೋಳು ನೀನೊಬ್ಬಳೇ.

ಎಲ್ಲ ಫೋಟೋ ಕಳಿಸಿದಳು. ಆಮೇಲೆ ಆಫೀಸಿನ ಪ್ರತಿಯನ್ನು ಪೂರ್ತಿ ಅಳಿಸಿದಳು, ಲ್ಯಾಪ್‌ಟಾಪಿನದನ್ನೂ, ನಾಳೆ ಸರ್ ಕೂಗಾಡಲಿ, ನಾನೇ ಅಳಿಸಿದೆ ಅಂತಲೇ ಹೇಳುವುದು, ಮರ ಬರಿದಾಯಿತು, ಒತ್ತಲು ಒಂದು ಪ್ಲಸ್ಸೂ ಇಲ್ಲ, ಫೋನ್ ಮಿನುಗಿತು, ಮಯೂರಿಯ ಮೆಸೇಜು, ನೀನಿದ್ದೀಯಲ್ಲ ಅಲ್ಲಿ, ಅಷ್ಟೇ ಸಮಾಧಾನ—ಓದಬಾರದಿತ್ತು, ಪರದೆ ಆರಿಸಿದಳು, ಬರೀ ಬಿಳಿ ಗೋಡೆ, ಗೋಡೆಯ ಮೇಲೆ ಬೋಳು ತಲೆ, ಮಗಳನ್ನು ನೋಡುತ್ತ ನಕ್ಕ ಬಾಯಿ, ಕಣ್ಣು ಮುಚ್ಚಿದರೂ ಆ ಬಾಯಿ, ತೆರೆದ ಬಾಯಿ, ನಗುವ—